ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹಿಡಿಯದು

ಕಾರಿನ ಬೀಗದ ಕೈಯನ್ನು ತಿರುಗಿಸಿದೊಡನೆ ಯಾವ ಸದ್ದೂ ಬಾರದೆ ಹೋದರೆ, ಅಥವಾ ಟಿಕ್ ಟಿಕ್ ಎಂದು ಬಡಿದುಕೊಂಡು ಅಷ್ಟಕ್ಕೇ ಸುಮ್ಮನಾದರೆ, ದೋಷವು ಬ್ಯಾಟರಿಯಲ್ಲಿಯೋ, ಅದರ ಟರ್ಮಿನಲ್ಲುಗಳ ಕಿಲುಬಿನಲ್ಲಿಯೋ, ಸ್ಟಾರ್ಟರ್ ಮೋಟಾರಿನಲ್ಲಿಯೋ ಇರಬೇಕೆಂದು ಊಹಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಸೆಲ್ಫ್ ಲವಲವಿಕೆಯಿಂದ ಹೊಡೆಯುತ್ತ, ಎಂಜಿನ್ನು ಗರಗರನೆ ತಿರುಗುತ್ತ, ಇನ್ನೇನು ಹಿಡಿದೇಬಿಟ್ಟಿತೆಂಬ ಆಸೆಯನ್ನು ಪ್ರತಿ ಸುತ್ತಿನಲ್ಲಿಯೂ ಹುಟ್ಟಿಸುತ್ತ, ಕಡೆಗೂ ಹಿಡಿಯದೆ ಉಳಿಯುವ ಸ್ಥಿತಿ ಇದೆಯಲ್ಲ, ಅದು ಮನುಷ್ಯನ ತಾಳ್ಮೆಯನ್ನೂ ತರ್ಕಬುದ್ಧಿಯನ್ನೂ ಏಕಕಾಲದಲ್ಲಿ ಪರೀಕ್ಷಿಸತಕ್ಕದ್ದು. ಇಂತಹ ಸಂದರ್ಭದಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದು. ಎರಡನೆಯದು, ಸುತ್ತ ಸೇರಿದವರ ಸಲಹೆಯಂತೆ ಪ್ಲಗ್ಗನ್ನೋ ಪಂಪನ್ನೋ ಹೊಸದಾಗಿ ಕೊಂಡು ಹಾಕಿಸುವುದು. ಮೊದಲನೆಯದರಿಂದ ಬ್ಯಾಟರಿ ಬರಿದಾಗುತ್ತದೆ, ಎರಡನೆಯದರಿಂದ ಜೇಬು.

ಸ್ವಲ್ಪ ನಿಂತು ಯೋಚಿಸಿದರೆ, ಎಂಜಿನ್ನು ತಿರುಗುತ್ತಿದೆಯೆಂಬುದೇ ಒಂದು ಅಮೂಲ್ಯವಾದ ಸಾಕ್ಷ್ಯವೆಂದು ತಿಳಿಯುತ್ತದೆ. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕದ ಎಂಜಿನಿಯರನ ವಿದ್ಯುತ್ ಸ್ಟಾರ್ಟರು ಬರುವುದಕ್ಕೆ ಮುಂಚೆ, ಮುಂದುಗಡೆ ಹ್ಯಾಂಡಲ್ ತೂರಿಸಿ ರಟ್ಟೆಯ ಬಲದಿಂದ ಮಾಡುತ್ತಿದ್ದ ಕೆಲಸವನ್ನೇ ಇಂದು ಆ ಪುಟ್ಟ ಮೋಟಾರು ಮಾಡುತ್ತದೆ: ನಿಮಿಷಕ್ಕೆ ಸುಮಾರು 200 ಸುತ್ತಿನಂತೆ ಎಂಜಿನ್ನನ್ನು ತಿರುಗಿಸಿಕೊಡುವುದು, ಅಷ್ಟೆ. ಅದು ಸರಿಯಾದ ವೇಗದಲ್ಲಿ ನಡೆಯುತ್ತಿದ್ದರೆ ಬ್ಯಾಟರಿ, ಸ್ಟಾರ್ಟರು, ಅವುಗಳ ದಪ್ಪ ತಂತಿಗಳು, ಇವಿಷ್ಟೂ ಬಹುಮಟ್ಟಿಗೆ ಆರೋಪಮುಕ್ತವಾದಂತೆ. ‘ಸರಿಯಾದ ವೇಗ’ ಎಂಬುದನ್ನು ಮಾತ್ರ ಮರೆಯಬಾರದು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜು ಒಂಬತ್ತೂವರೆಗಿಂತ ಕೆಳಕ್ಕಿಳಿಯುವಂತಿದ್ದರೆ, ಎಂಜಿನ್ನು ನಿಧಾನವಾಗಿ ತಿರುಗಿದರೂ, ಅದನ್ನಾಳುವ ಗಣಕವು ಎಚ್ಚರಗೊಳ್ಳದೆಯೇ ಉಳಿಯಬಹುದು.

ತಿರುಗುವ ಪೆಟ್ರೋಲ್ ಎಂಜಿನ್ನು ತಾನೇ ಉಸಿರಾಡತೊಡಗಬೇಕಾದರೆ ಬೇಕಾದುವು ಬಹಳವಿಲ್ಲ: ತೂಕದಲ್ಲಿ ಸುಮಾರು ಹದಿನೈದು ಪಾಲು ಗಾಳಿಗೆ ಒಂದು ಪಾಲಿನಂತೆ ಬೆರೆತ ಪೆಟ್ರೋಲು, ಅದನ್ನು ಹತ್ತರಲ್ಲೊಂದು ಪಾಲಿನಷ್ಟು ಜಾಗಕ್ಕೆ ಅದುಮುವ ಕಂಪ್ರೆಷನ್, ಅದುಮಿದ ಕ್ಷಣದಲ್ಲಿಯೇ ಸಿಡಿಯುವ ಕಿಡಿ. ಇವುಗಳಲ್ಲಿ ಒಂದರ ಅಭಾವವೇ ಕಾರಣವಾಗಿರಬೇಕಾದ್ದರಿಂದ, ಇರುವುದನ್ನು ಒಂದೊಂದಾಗಿ ಖಚಿತಪಡಿಸಿಕೊಂಡು ಬದಿಗಿರಿಸಿ, ಉಳಿದುದರ ಮೇಲೆ ದೃಷ್ಟಿಯನ್ನು ನಿಲ್ಲಿಸುವ ಕ್ರಮ, ಅಂದರೆ ನಮ್ಮ ನೈಯಾಯಿಕರು ಪರಿಶೇಷಾನುಮಾನವೆಂದು ಕರೆದ ಕ್ರಮವು, ಇಲ್ಲಿ ಯಥೋಚಿತವಾಗಿ ಸಲ್ಲುತ್ತದೆ. ಒಳ್ಳೆಯ ಮೇಸ್ತ್ರಿ ಆ ಶಾಸ್ತ್ರದ ಹೆಸರನ್ನು ಕೇಳಿರಲಾರ. ಆದರೆ ಅವನು ಬಾನೆಟ್ ಎತ್ತುವ ಮೊದಲು ಕೇಳುವ ಪ್ರಶ್ನೆಗಳು ಅದೇ ಜಾಡಿನವು. ನಿನ್ನೆ ಸರಿಯಾಗಿ ಓಡುತ್ತಿತ್ತೆ? ಓಡುತ್ತಿದ್ದಾಗಲೇ ನಿಂತಿತೆ, ನಿಲ್ಲಿಸಿದ ಮೇಲೆ ಹಿಡಿಯಲಿಲ್ಲವೆ? ಪೆಟ್ರೋಲ್ ಎಲ್ಲಿ, ಯಾವಾಗ ಹಾಕಿಸಿದ್ದು? ಈ ಕೊನೆಯ ಪ್ರಶ್ನೆಗೆ ಸಿಟ್ಟಾಗುವ ಯಜಮಾನರುಂಟು. ಆದರೆ ಮುಳ್ಳು ಕಾಲುಭಾಗವನ್ನು ತೋರಿಸುತ್ತಿದ್ದೂ ಟ್ಯಾಂಕು ಬತ್ತಿಹೋಗಿದ್ದ ಪ್ರಸಂಗಗಳು ಗ್ಯಾರೇಜುಗಳಲ್ಲಿ ಅಪರೂಪವೇನಲ್ಲ.

ಪೆಟ್ರೋಲು ಬರುತ್ತಿದೆಯೆ ಎಂಬುದನ್ನು ತಿಳಿಯಲು ಉಪಕರಣಕ್ಕಿಂತ ಮೊದಲು ಕಿವಿಯನ್ನು ಉಪಯೋಗಿಸಬಹುದು. ಈಗಿನ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ. ಬಹಳಷ್ಟು ಮಾದರಿಗಳಲ್ಲಿ ಅದರ ಸ್ಥಾನ ಹಿಂದಿನ ಸೀಟಿನ ಕೆಳಗೆ. “ಸೆಲ್ಫ್ ಹೊಡೀಬೇಡಿ ಸಾರ್, ಕೀ ಆನ್ ಮಾತ್ರ ಮಾಡಿ,” ಎಂದು ಹೇಳಿ ಮೇಸ್ತ್ರಿ ಹಿಂದಿನ ಬಾಗಿಲನ್ನು ತೆರೆದು ಸೀಟಿಗೆ ಕಿವಿಯಿಟ್ಟು ಬಾಗುತ್ತಾನೆ. ಎರಡು ಸೆಕೆಂಡುಗಳಷ್ಟು ಹೊತ್ತು ಜುಂಯ್ ಎಂಬ ಸಣ್ಣ ದನಿ ಬಂದು ನಿಂತರೆ ಪಂಪಿಗೆ ಕರೆಂಟು ಬರುತ್ತಿದೆ, ಅದು ಪೈಪಿನಲ್ಲಿ ಒತ್ತಡವನ್ನು ಕಟ್ಟಲು ಯತ್ನಿಸುತ್ತಿದೆ ಎಂದರ್ಥ. ದನಿಯೇ ಬಾರದಿದ್ದರೆ “ಫ್ಯೂಸ್ ನೋಡೋ,” ಎಂದು ಹುಡುಗನಿಗೆ ಕೂಗುತ್ತಾನೆ. ಫ್ಯೂಸು ಸರಿಯಿದ್ದರೆ, ಅದೇ ಪೆಟ್ಟಿಗೆಯಲ್ಲಿ ಹಾರನ್ನಿನದೋ ಮತ್ತಾವುದರದೋ ಅದೇ ಜಾತಿಯ ರಿಲೇಯನ್ನು ಕಿತ್ತು ಪಂಪಿನ ರಿಲೇಯ ಜಾಗದಲ್ಲಿ ಕೂರಿಸುತ್ತಾನೆ. ಆಗ ದನಿ ಬಂದರೆ, ಹೊಸ ಪಂಪಿನ ಸಾವಿರಾರು ರೂಪಾಯಿ ಉಳಿಯಿತು. ಒಂದು ವಸ್ತುವಿದ್ದರೆ ಕಾರ್ಯವುಂಟು, ಅದಿಲ್ಲದಿದ್ದರೆ ಕಾರ್ಯವಿಲ್ಲ ಎಂದು ತೋರಿಸಿಕೊಡುವ ಈ ಅನ್ವಯವ್ಯತಿರೇಕಕ್ಕೆ ಖರ್ಚು ಏನೂ ಇಲ್ಲವೆಂಬುದನ್ನು ಗಮನಿಸಬೇಕು. ದನಿ ಬಂದಮಾತ್ರಕ್ಕೆ ಪಂಪು ನಿರ್ದೋಷಿಯೆಂದು ಹೇಳಲಾಗುವುದಿಲ್ಲ, ನಿಜ. ಸವೆದ ಪಂಪು ಸದ್ದು ಮಾಡಿಯೂ, ಬಹುತೇಕ ಎಂಜಿನ್ನುಗಳಿಗೆ ಬೇಕಾದ ಮೂರು ಬಾರಿನಷ್ಟು ಒತ್ತಡವನ್ನು ಕೊಡದೆ ಹೋಗಬಹುದು, ಅದನ್ನು ಗೇಜು ಹಾಕಿಯೇ ಅಳೆಯಬೇಕು.

ಕಿಡಿಯ ಪರೀಕ್ಷೆ ಅಂಬಾಸಡರ್, ಫಿಯೆಟ್ಟುಗಳ ಕಾಲದಲ್ಲಿ ಎಲ್ಲರ ಕಣ್ಣೆದುರಿಗೆ ನಡೆಯುವ ಸಂಗತಿಯಾಗಿತ್ತು. ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು, ಪಾಯಿಂಟನ್ನು ಸಣ್ಣ ಉಜ್ಜುಕಾಗದದಿಂದ ತಿಕ್ಕಿ, ಪ್ಲಗ್ಗನ್ನು ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು ನೀಲಿಯಾಗಿ ಹಾರುವ ಕಿಡಿಯನ್ನು ನೋಡುತ್ತಿದ್ದರು. ಮಳೆಗಾಲದಲ್ಲಿ ಆ ಮುಚ್ಚಳದ ಒಳಗಿನ ತೇವವನ್ನು ಒಣಬಟ್ಟೆಯಿಂದ ಒರೆಸಿದರೆ ಅರ್ಧದಷ್ಟು ರೋಗಗಳು ವಾಸಿಯಾಗುತ್ತಿದ್ದುವು. ಬೇಸಿಗೆಯಲ್ಲಿ ಘಟ್ಟ ಹತ್ತುವಾಗ ಪೆಟ್ರೋಲು ಪಂಪಿನಲ್ಲಿಯೇ ಆವಿಯಾಗಿ ಹರಿವು ಕಟ್ಟಿಕೊಂಡರೆ, ಪಂಪಿನ ಮೇಲೆ ಒದ್ದೆಬಟ್ಟೆಯನ್ನು ಸುತ್ತಿ ತಣಿಸುವುದೂ ಅಂದಿನ ಚಾಲಕರ ವಿದ್ಯೆಗಳಲ್ಲೊಂದು. ನಮ್ಮಲ್ಲಿ ಸುಮಾರು 2000ನೆಯ ಇಸವಿಯಿಂದೀಚೆಗೆ ಕಾರ್ಬುರೇಟರು ಹಿಂದೆ ಸರಿದು ಇಂಜೆಕ್ಟರುಗಳು ಬಂದುವು. ಇಂದು ಹೆಚ್ಚಿನ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೆಯೂ ಒಂದೊಂದು ಕಾಯಿಲ್ ಕುಳಿತು ಬ್ಯಾಟರಿಯ 12 ವೋಲ್ಟನ್ನು 20,000ಕ್ಕೂ ಮೇಲಕ್ಕೇರಿಸುತ್ತದೆ. ಇದನ್ನು ಬರಿಗೈಯಲ್ಲಿ ಹಿಡಿದು ಪರೀಕ್ಷಿಸುವ ಸಾಹಸ ಕೂಡದು, ಹತ್ತಿರದಲ್ಲಿ ಪೆಟ್ರೋಲಿನ ಆವಿಯಿದ್ದರಂತೂ ಕೂಡಲೇ ಕೂಡದು. ಅನುಭವಸ್ಥನಾದವನು ಪ್ಲಗ್ಗನ್ನು ಬಿಚ್ಚಿ ಅದರ ಮೂತಿಯನ್ನು ಮೂಸಿನೋಡಿಯೇ ಅರ್ಧ ತೀರ್ಪನ್ನು ಹೇಳುತ್ತಾನೆ: ಎಷ್ಟೋ ಹೊತ್ತು ಸೆಲ್ಫ್ ಹೊಡೆದ ಮೇಲೆಯೂ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ, ತೊಯ್ದಿದ್ದರೆ ಪೆಟ್ರೋಲು ಬಂದಿದೆ, ಕಿಡಿಯಿಲ್ಲ, ಅಥವಾ ಪೆಟ್ರೋಲೇ ಮಿತಿಮೀರಿದೆ.

ಮಿತಿಮೀರುವುದು, ಅಂದರೆ ಓವರ್‌ಫ್ಲೋ ಆಗುವುದು, ಅನೇಕ ವೇಳೆ ನಾವೇ ತಂದುಕೊಂಡ ವಿಪತ್ತು. ಕಾರನ್ನು ಒಂದು ನಿಮಿಷ ಸ್ಟಾರ್ಟ್ ಮಾಡಿ, ಎರಡು ಮಾರು ಮುಂದಕ್ಕೆ ನಿಲ್ಲಿಸಿ, ತಣ್ಣಗಿನ ಎಂಜಿನ್ನನ್ನು ಆರಿಸಿದರೆ ಮಾರನೆಯ ದಿನ ಹೀಗಾಗುವುದುಂಟು. ಹೆಚ್ಚಾದ ಪೆಟ್ರೋಲು ಪ್ಲಗ್ಗನ್ನು ತೋಯಿಸುವುದಲ್ಲದೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನೂ ತೊಳೆದು ಕಂಪ್ರೆಷನ್ನನ್ನು ಕುಗ್ಗಿಸುತ್ತದೆ. ಹೆಚ್ಚಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಇದಕ್ಕೆ ಉಪಾಯವನ್ನು ಒಳಗೇ ಇಟ್ಟಿದ್ದಾರೆ: ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆದರೆ ಗಣಕವು ಪೆಟ್ರೋಲನ್ನು ನಿಲ್ಲಿಸಿ ಬರಿಯ ಗಾಳಿಯನ್ನು ಒಳಕ್ಕೆ ಬಿಡುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡು ಸಾಕು. ನಡುವೆ ಅರ್ಧ ನಿಮಿಷವಾದರೂ ಮೋಟಾರು ತಣಿಯಲಿ.

ಇನ್ನು ಬುದ್ಧಿಗೆ ನಿಜವಾದ ಸವಾಲನ್ನೊಡ್ಡುವ ಸಂದರ್ಭಕ್ಕೆ ಬರುತ್ತೇನೆ. ಪರೀಕ್ಷಿಸಿದಾಗ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಅವಸರದವನು ಪಂಪನ್ನೂ ಕಾಯಿಲನ್ನೂ ಒಟ್ಟಿಗೆ ಬದಲಾಯಿಸುವುದಕ್ಕೆ ಹೊರಡುತ್ತಾನೆ. ಆದರೆ ನಿನ್ನೆ ಸಾಯಂಕಾಲದವರೆಗೆ ಸುಖವಾಗಿ ಓಡಿದ ಕಾರಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಂಗಗಳು ಒಂದೇ ಗಳಿಗೆಯಲ್ಲಿ ಕೆಟ್ಟುವೆಂದು ನಂಬುವುದಕ್ಕಿಂತ, ಅವೆರಡಕ್ಕೂ ಅಪ್ಪಣೆ ಕೊಡತಕ್ಕ ಮೂಲವೊಂದು ಮೌನವಾಯಿತೆಂದು ನಂಬುವುದು ಯುಕ್ತಿಗೆ ಹತ್ತಿರ. ಆ ಮೂಲ ಬಹಳ ಬಾರಿ ಕ್ರ್ಯಾಂಕ್ ಸೆನ್ಸರು. ಕ್ರ್ಯಾಂಕಿನೊಡನೆ ತಿರುಗುವ ಹಲ್ಲುಚಕ್ರದ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಈ ಕೊರಡು ಕುಳಿತು, ಹಾದುಹೋಗುವ ಹಲ್ಲುಗಳನ್ನೆಣಿಸಿ, ಪಿಸ್ಟನ್ ಎಲ್ಲಿದೆಯೆಂಬುದನ್ನು ಗಣಕಕ್ಕೆ ತಿಳಿಸುತ್ತಿರುತ್ತದೆ. ತಾಳ ಹಾಕುವವನು ಕೈ ನಿಲ್ಲಿಸಿದರೆ ಹಾಡುವವನೂ ಮೃದಂಗದವನೂ ಒಟ್ಟಿಗೆ ತಡವರಿಸುವಂತೆ, ಈ ಸಂಕೇತ ನಿಂತರೆ ಇಂಜೆಕ್ಟರೂ ಕಾಯಿಲೂ ಒಟ್ಟಿಗೆ ಸ್ತಬ್ಧವಾಗುತ್ತವೆ. ಇದರ ವಿಚಿತ್ರವಾದ ಸ್ವಭಾವವೆಂದರೆ, ಎಂಜಿನ್ನು ಕಾದಾಗ ಒಳಗಿನ ಕೂದಲೆಳೆಯ ತಂತಿ ಬಿಟ್ಟುಕೊಂಡು, ತಣಿದಾಗ ಮತ್ತೆ ಕೂಡಿಕೊಳ್ಳುವುದು. ಹೆದ್ದಾರಿಯಲ್ಲಿ ತಟಕ್ಕನೆ ನಿಂತ ಕಾರು, ಅರ್ಧ ಗಂಟೆ ಕಾಫಿ ಕುಡಿದು ಬರುವಷ್ಟರಲ್ಲಿ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜು ತಲಪುವಾಗ ರೋಗದ ಕುರುಹೇ ಇರುವುದಿಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಕಿಂಚಿತ್ತಾದರೂ ಅಲುಗುತ್ತದೆಯೆ ಎಂದು ನೋಡಿಕೊಂಡವರು, ಎಲ್ಲ ಮಾದರಿಗಳಲ್ಲಿಯೂ ಅಲ್ಲದಿದ್ದರೂ ಬಹಳಷ್ಟರಲ್ಲಿ, ಈ ಕಳ್ಳನ ಹೆಜ್ಜೆಯನ್ನು ಗುರುತಿಸಬಲ್ಲರು.

ಎರಡನ್ನೂ ಒಟ್ಟಿಗೆ ತಡೆಯಬಲ್ಲ ಇನ್ನೊಂದು ಅಧಿಕಾರವೂ ಇದೆ, ಕಳವನ್ನು ತಪ್ಪಿಸಲೆಂದು ಇಟ್ಟ ಇಮ್ಮೊಬಿಲೈಜರು. ಕೀಯೊಳಗಿನ ಸಣ್ಣ ಚಿಪ್ಪಿನ ಗುರುತು ಸಿಕ್ಕದಿದ್ದರೆ ಕೆಲವು ಕಾರುಗಳು ಸೆಲ್ಫನ್ನೇ ಬಿಡುವುದಿಲ್ಲ. ಕೆಲವು ಸೆಲ್ಫನ್ನು ಬಿಟ್ಟು ಪೆಟ್ರೋಲನ್ನು ತಡೆಯುತ್ತವೆ. ಕೆಲವು ಒಂದೆರಡು ಸೆಕೆಂಡು ಓಡಿ ಆರಿಹೋಗುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಕೀಯ ಆಕೃತಿಯ ದೀಪ ಮಿಣುಕುತ್ತಿದ್ದರೆ ಮನೆಯಲ್ಲಿರುವ ಎರಡನೆಯ ಕೀಯನ್ನು ತಂದು ನೋಡುವುದು ವಿವೇಕ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ನನ್ನು ಆಶ್ರಯಿಸಿ ತಂತಿಗಳನ್ನು ಕಡಿದುಹಾಕುವ ಇಲಿಗಳ ಕೃತ್ಯವನ್ನು ಯಾವ ದೀಪವೂ ಹೆಸರಿಟ್ಟು ಹೇಳಲಾರದು. ಹಿಕ್ಕೆ ಕಂಡರೆ ವೈರಿಂಗನ್ನು ಬೆರಳಿನಿಂದ ಸವರುತ್ತ ಹೋಗಬೇಕು. ಎಥೆನಾಲ್ ಬೆರೆತ ಪೆಟ್ರೋಲು ಟ್ಯಾಂಕಿಗೆ ಸೇರಿದ ನೀರನ್ನು ಹೀರಿಕೊಳ್ಳುತ್ತದೆ; ಮಿತಿ ಮೀರಿದಾಗ ಎಥೆನಾಲು ಆ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಪಂಪು ಹೀರುವುದು ಆ ತಳದಿಂದಲೇ. ತಿಂಗಳುಗಟ್ಟಲೆ ಅಲ್ಲಾಡದೆ ನಿಂತ ಕಾರಿನಲ್ಲಿ ಇದನ್ನು ಶಂಕಿಸಬಹುದು.

ಈಗ ಯಾವ ಗ್ಯಾರೇಜಿಗೆ ಹೋದರೂ ಮೊದಲು ಸ್ಕ್ಯಾನರನ್ನು ಸಿಕ್ಕಿಸುತ್ತಾರೆ, ಒಳ್ಳೆಯದೇ. ಆದರೆ ಅದು ತೋರಿಸುವ ಪಿ0335 ಎಂಬ ಸಂಖ್ಯೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷವಿದೆಯೆಂದಷ್ಟೇ ಹೇಳುತ್ತದೆ. ಸೆನ್ಸರು ಕೆಟ್ಟಿದೆಯೋ, ತಂತಿ ತುಂಡಾಗಿದೆಯೋ, ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದಿದೆಯೋ ಎಂಬುದನ್ನು ಹೇಳುವುದಿಲ್ಲ. ಸಾಕ್ಷಿಯನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದ್ದರಿಂದ ಹೋದ ಹಣ, ನನ್ನ ಅಭಿಪ್ರಾಯದಲ್ಲಿ, ಬೇರೆಲ್ಲ ಕಾರಣಗಳಿಂದ ಹೋದುದಕ್ಕಿಂತ ಕಡಮೆಯಿರಲಾರದು.

ಡೀಸೆಲ್ ಕಾರಿನಲ್ಲಿ ಕಿಡಿಯ ಚಿಂತೆಯಿಲ್ಲ; ಅದುಮಿದ ಗಾಳಿಯ ಶಾಖವೇ ಎಣ್ಣೆಯನ್ನು ಹೊತ್ತಿಸುತ್ತದೆ. ಅಲ್ಲಿ ಮುಖ್ಯ ಅಪರಾಧಿಗಳು ಪೈಪಿನಲ್ಲಿ ಹಿಡಿದ ಏರ್, ಕಟ್ಟಿಕೊಂಡ ಫಿಲ್ಟರು, ಚಳಿಯಲ್ಲಿ ಕೆಲಸಮಾಡದ ಗ್ಲೋ ಪ್ಲಗ್ಗು. ಪೆಟ್ರೋಲ್ ಎಂಜಿನ್ನಿನ ಬಾಯಿಗೆ ಹೊಡೆದು ನೋಡುವ ಸ್ಟಾರ್ಟಿಂಗ್ ಸ್ಪ್ರೇಯನ್ನು ಗ್ಲೋ ಪ್ಲಗ್ಗಿರುವ ಡೀಸೆಲ್ ಎಂಜಿನ್ನಿಗೆ ಹೊಡೆಯಕೂಡದು. ಅದು ಅಕಾಲದಲ್ಲಿ ಸ್ಫೋಟಗೊಂಡು ಪಿಸ್ಟನ್ನನ್ನೇ ಒಡೆಯಬಹುದು.

ಕಂಪ್ರೆಷನ್ನಿನ ಮಾತು ಉಳಿಯಿತು. ಅದು ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ಮಾಯವಾಗುವುದಿಲ್ಲ. ಟೈಮಿಂಗ್ ಬೆಲ್ಟು ಕಡಿದಾಗ ಮಾತ್ರ ಮಾಯವಾಗುತ್ತದೆ. ಆಗ ವಾಲ್ವುಗಳು ತೆರೆದುಮುಚ್ಚುವ ಕೆಲಸ ನಿಂತು, ಪಿಸ್ಟನ್ನಿಗೆ ಎದುರೊತ್ತು ಕೊಡುವ ಗಾಳಿ ಇಲ್ಲದೆ, ಎಂಜಿನ್ನು ಎಂದಿಗಿಂತ ಹಗುರಾಗಿ, ಎಂದಿನ ಏರಿಳಿತವಿಲ್ಲದ ಒಂದೇ ಎಳೆಯ ಸದ್ದಿನಿಂದ, ಸರ್ರನೆ ತಿರುಗುತ್ತದೆ. ತನ್ನ ಕಾರಿನ ಸೆಲ್ಫಿನ ಸದ್ದನ್ನು ದಿನವೂ ಕೇಳಿದವನಿಗೆ ಈ ವ್ಯತ್ಯಾಸ ತಪ್ಪುವುದಿಲ್ಲ. ಅದು ಕಿವಿಗೆ ಬಿದ್ದ ಕೂಡಲೇ ಕೈಯನ್ನು ಕೀಯಿಂದ ತೆಗೆಯಬೇಕು. ಅನೇಕ ಎಂಜಿನ್ನುಗಳಲ್ಲಿ ತೆರೆದು ನಿಂತ ವಾಲ್ವಿನ ಹಾದಿಯಲ್ಲಿಯೇ ಪಿಸ್ಟನ್ ಮೇಲೇರಿ ಬರುವುದರಿಂದ, ಇನ್ನೊಮ್ಮೆ ಹೊಡೆದ ಸೆಲ್ಫ್ ಉಳಿದ ವಾಲ್ವುಗಳನ್ನೂ ಬಗ್ಗಿಸೀತು. ತಳ್ಳಿ ಸ್ಟಾರ್ಟ್ ಮಾಡೋಣವೆಂದು ಮುಂದೆ ಬರುವ ಉಪಕಾರಿಗಳನ್ನೂ ಬೇಡವೆಂದು ಕಳುಹಿಸಿ, ಕಾರನ್ನು ಕಟ್ಟಿ ಎಳೆಸುವಾಗ ಗೇರು ನ್ಯೂಟ್ರಲ್ಲಿನಲ್ಲಿದೆಯೆ ಎಂದು ಒಮ್ಮೆ ನೋಡಿಕೊಂಡರೆ ಸಾಕು.