ಚದುರಂಗದ ಪರಭಾಷಾ ಹೆಸರುಗಳು

ಭಾರತದ ಚತುರಂಗವು ಪಾರಸಿಕರಲ್ಲಿ ಚತ್ರಂಗ್ ಆಯಿತು. ಅರಬರಲ್ಲಿ ಶತ್ರಂಜ್ ಎನಿಸಿತು. ಸ್ಪೇನಿನಲ್ಲಿ ಅಹೆದ್ರೆತ್ ಎಂಬ ರೂಪ ತಾಳಿತು. ಕನ್ನಡಿಗರೂ ಅದನ್ನು ಚದುರಂಗವೆಂದು ಮೃದುಗೊಳಿಸಿಕೊಂಡರು. ಕಿವಿಯಿಂದ ಕಿವಿಗೆ ಸಾಗುವ ಮಾತು ಹೀಗೆ ಮಾರ್ಪಡುವುದು ಸಹಜ, ಅದರಲ್ಲಿ ದೋಷವಿಲ್ಲ. ಆದರೆ ಇಂದು ಈ ಆಟದ ಪರಭಾಷಾ ಪದಗಳು ನಮಗೆ ಹೆಚ್ಚಾಗಿ ಕಣ್ಣಿನ ಮೂಲಕ ಬರುತ್ತವೆ. ರೋಮನ್ ಲಿಪಿಯಲ್ಲಿ ಬರೆದುದನ್ನೆಲ್ಲ ನಾವು ಇಂಗ್ಲಿಷೆಂದೇ ಭಾವಿಸಿ ಓದುತ್ತೇವೆ. ಲಿಪಿ ಒಂದೇ ಆದರೂ ಅಕ್ಷರಗಳ ಬೆಲೆ ಭಾಷೆ ಭಾಷೆಗೆ ಬೇರೆ ಎಂಬುದನ್ನು ಮರೆಯುತ್ತೇವೆ.

ಕೆಲವು ಪಾರಿಭಾಷಿಕ ಪದಗಳನ್ನು ನೋಡೋಣ. ಯಾವ ನಡೆ ನಡೆದರೂ ತನಗೇ ಕೇಡಾಗುವ, ಆದರೂ ನಡೆಯಲೇಬೇಕಾದ ಸ್ಥಿತಿಗೆ ಜರ್ಮನರು ‘ತ್ಸೂಕ್-ತ್ಸ್ವಂಗ್’ ಎನ್ನುತ್ತಾರೆ. ಮೊದಲ ಭಾಗಕ್ಕೆ ನಡೆಯೆಂದೂ ಎರಡನೆಯದಕ್ಕೆ ಬಲಾತ್ಕಾರವೆಂದೂ ಅರ್ಥ. ಜರ್ಮನ್ ಭಾಷೆಯಲ್ಲಿ ‘ಝಡ್’ ಅಕ್ಷರದ ಧ್ವನಿ ‘ತ್ಸ’ ಎಂಬುದನ್ನು ಅರಿಯದವರು ಇದನ್ನು ‘ಜಗ್‌ಜ್ವಾಂಗ್’ ಎಂದುಬಿಡುತ್ತಾರೆ. ಒಂಟೆಯನ್ನು ಪಕ್ಕದಿಂದ ಹೊರತರುವ ವ್ಯೂಹಕ್ಕೆ ಇಟಲಿಯವರ ಹೆಸರು ‘ಫ್ಯಾಂಕೆತ್ತೊ’. ‘ಪಕ್ಕ’ ಎಂಬರ್ಥದ ‘ಫ್ಯಾಂಕೊ’ ಅದರ ಮೂಲ. ಅಲ್ಲಿನ ‘ಸಿ-ಎಚ್’ ಜೋಡಿಯನ್ನು ‘ಚ’ ಎಂದು ಓದಲಾಗದು. ‘ಕ’ಕಾರವನ್ನು ಉಳಿಸುವುದಕ್ಕೆಂದೇ ಇಟಾಲಿಯನ್ನರು ‘ಎಚ್’ ಸೇರಿಸುತ್ತಾರೆ. ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಎದುರಾಳಿಯ ಕಾಲಾಳನ್ನು, ಅದು ಒಂದೇ ಮನೆ ನಡೆದಿತ್ತೆಂಬಂತೆ ಹೊಡೆಯುವುದು ಫ್ರೆಂಚರ ‘ಆಂ ಪಸಾಂ’. ಇಲ್ಲಿ ಸ್ವರವು ಮೂಗಿನಿಂದಲೂ ಹೊರಡುತ್ತದೆ. ಕೊನೆಯ ‘ಟಿ’ ಅಕ್ಷರಕ್ಕೆ ಧ್ವನಿಯೇ ಇಲ್ಲ.

ಇನ್ನೊಂದು ಫ್ರೆಂಚ್ ಮಾತಿಗೆ ಆಟದಲ್ಲಿ ನಿಯಮದ ಬಲವೇ ಉಂಟು. ಮುಟ್ಟಿದ ಕಾಯನ್ನು ನಡೆಸಲೇಬೇಕೆಂಬುದು ಕಟ್ಟಳೆ. ಓರೆಯಾಗಿ ನಿಂತ ಕಾಯನ್ನು ಬರಿದೇ ಸರಿಪಡಿಸುವವನು ಮುಟ್ಟುವ ಮೊದಲೇ ತನ್ನ ಉದ್ದೇಶವನ್ನು ತಿಳಿಸಬೇಕು. ಅದಕ್ಕೆ ಬಳಸುವ ‘ಝಾದೂಬ್’ ಎಂಬ ಮಾತಿನ ಮೊದಲ ಧ್ವನಿ, ನಮ್ಮ ‘ಶ’ಕಾರವನ್ನು ಘೋಷದೊಡನೆ ನುಡಿದಾಗ ಹುಟ್ಟುವಂಥದು. ಎದುರಾಳಿಗೆ ಈ ಮಾತು ತಿಳಿಯದೆ ಹೋದರೆ ವಿವಾದಕ್ಕೆ ಎಡೆಯಾದೀತು.

ವ್ಯಕ್ತಿನಾಮಗಳಲ್ಲಿ ಹೊಣೆ ಇನ್ನೂ ಹಿರಿದು. 1927ರಲ್ಲಿ ಕಾಪಾಬ್ಲಾಂಕಾನನ್ನು ಸೋಲಿಸಿ ವಿಶ್ವವಿಜೇತನಾದ ರಷ್ಯನ್ ಆಟಗಾರ ‘ಅಲೆಖೈನ್’ ಅಲ್ಲ, ‘ಅಲ್ಯೇಖಿನ್’. ಒತ್ತು ಎರಡನೆಯ ಅಕ್ಷರದ ಮೇಲೆ. 1935ರಲ್ಲಿ ಅವನನ್ನು ಗೆದ್ದ ಡಚ್ ಗಣಿತಜ್ಞ ಮಾಕ್ಸ್ ಅವರ ಮನೆತನದ ಹೆಸರನ್ನು ‘ಯೂವೆ’ ಎಂದು ಓದುವುದುಂಟು. ನಾಲಗೆಯನ್ನು ‘ಏ’ಕಾರಕ್ಕೆ ಅಣಿಗೊಳಿಸಿ, ತುಟಿಗಳನ್ನು ‘ಓ’ಕಾರಕ್ಕೆಂಬಂತೆ ದುಂಡಾಗಿಸಿ ‘ಏವ’ ಎಂದರೆ ಆ ಹೆಸರಿನ ಸಮೀಪಕ್ಕೆ ಬರುತ್ತೇವೆ.

ಕೆಲವೆಡೆ ನಮ್ಮ ಲಿಪಿಯೇ ಇಂಗ್ಲಿಷಿಗಿಂತ ಸಮರ್ಥವಾದುದು. ಇಂಗ್ಲಿಷಿನ ‘ಟಿ’ ಕನ್ನಡದಲ್ಲಿ ‘ಟ’ ಆಗುವುದು ರೂಢಿ. ಆದರೆ ರಷ್ಯನ್ನರ ‘ತ’ಕಾರ ನಮ್ಮದರಂತೆಯೇ ದಂತ್ಯ. ಆದುದರಿಂದ 1960ರ ವಿಶ್ವವಿಜೇತನನ್ನು ‘ಟಾಲ್’ ಎನ್ನುವುದಕ್ಕಿಂತ ‘ತಾಲ್’ ಎನ್ನುವುದೂ, ಅವನಿಗೆ ಸೋತವನನ್ನು ‘ಬೊತ್ವಿನ್ನಿಕ್’ ಎನ್ನುವುದೂ ಲೇಸು. ನಾರ್ವೆಯ ಕಾರ್ಲ್‌ಸನ್ನನ ಹೆಸರಂತೂ ಸ್ವಾರಸ್ಯವಾದುದು. ಓಸ್ಲೊ ಕಡೆಯ ನುಡಿಯಲ್ಲಿ ‘ರ’ಕಾರ ‘ಲ’ಕಾರಗಳು ಕೂಡಿ ನಮ್ಮ ‘ಳ’ಕಾರದಂಥ ಧ್ವನಿ ಹುಟ್ಟುತ್ತದೆ. ಅವನ ನಾಡಿನವರು ನುಡಿಯುವುದು ‘ಮಙ್ನುಸ್ ಕಾಳ್ಸನ್’ ಎಂದು. ಇಂಗ್ಲಿಷಿನವರಿಗೆ ಪ್ರಯಾಸವೆನಿಸುವ ‘ಳ’ಕಾರ ನಮಗೆ ಮನೆಮಾತು!

ಇಷ್ಟು ಶ್ರಮವೇಕೆಂದು ವಾಚಕರು ಕೇಳಬಹುದು. ವಿಶ್ವನಾಥನ್ ಆನಂದರನ್ನು ನೆನೆಯಿರಿ. ಆನಂದ್ ಎಂಬುದು ಅವರ ಸ್ವಂತ ಹೆಸರು, ವಿಶ್ವನಾಥನ್ ತಂದೆಯ ಹೆಸರು. ಪಾಶ್ಚಾತ್ಯರು ತಮ್ಮ ರೂಢಿಯಂತೆ ಮೊದಲಿನದನ್ನೇ ಸ್ವಂತ ಹೆಸರೆಂದು ತಿಳಿದರೆ ನಮಗೆ ಇರುಸುಮುರುಸಾಗುತ್ತದೆಯಲ್ಲವೆ? ಅದೇ ಮರ್ಯಾದೆ ಅನ್ಯರ ಹೆಸರುಗಳಿಗೂ ಸಲ್ಲತಕ್ಕದ್ದು.

ಆಟದ ಪದಗಳು ಬಳಕೆಯಲ್ಲಿ ಸವೆದು ಕನ್ನಡದ್ದಾದರೆ ಬಾಧಕವಿಲ್ಲ. ಶತ್ರಂಜ್ ಆದುದೂ ಹಾಗೆಯೆ. ವ್ಯಕ್ತಿಯ ಹೆಸರಾದರೋ ಅವನ ಸ್ವತ್ತು. ಇಂಗ್ಲಿಷ್ ಪತ್ರಿಕೆ ಮೂಲದ ಕಾಗುಣಿತವನ್ನೇ ಅಚ್ಚುಮಾಡಿದರೆ ಉಚ್ಚಾರಣೆಯನ್ನು ಓದುಗನಿಗೆ ಬಿಟ್ಟಂತಾಯಿತು. ಕನ್ನಡದಲ್ಲಿ ಅದು ಸಾಧ್ಯವಿಲ್ಲ. ಬರೆದವನು ಇಟ್ಟ ಧ್ವನಿಯನ್ನೇ ಓದುಗನು ನುಡಿಯುತ್ತಾನೆ. ಒಮ್ಮೆ ಅಚ್ಚಾದ ತಪ್ಪು ಸಾವಿರ ಬಾಯಲ್ಲಿ ನಿಲ್ಲುತ್ತದೆ. ಹೆಸರು ಯಾವ ಭಾಷೆಯದೆಂದು ಮೊದಲು ತಿಳಿದು, ಆ ನುಡಿಯವರಿಂದ ಒಮ್ಮೆ ಕೇಳಿ, ಅನಂತರ ಲೇಖನಿ ಎತ್ತುವುದು ಮೇಲು.