ಸದ್ದಿಲ್ಲದೆ ಬರುವ ಹಲ್ಲು

ಚೆನ್ನೈನ ಕ್ರೋಂಪೇಟೆಯಲ್ಲಿರುವ ಅಕ್ಕನ ಮನೆಗೆ ಹೋದಾಗಲೆಲ್ಲ ಸಂಜೆ ಅವಳ ಮಗಳನ್ನು ಶಾಲೆಯಿಂದ ಕರೆತರುವ ಕೆಲಸ ನನ್ನದು. ಗಂಟೆ ಹೊಡೆದ ಕೂಡಲೇ ಮಕ್ಕಳು ಗೇಟಿನಾಚೆಯ ಪೆಟ್ಟಿಗೆ ಅಂಗಡಿಗೆ ಮುಗಿಬೀಳುತ್ತಾರೆ. ಭರಣಿಗಳಲ್ಲಿ ಕೆಂಪನೆಯ ತೇನ್ ಮಿಠಾಯಿ, ಕಡಲೆ ಮಿಠಾಯಿ. ತಲೆಯ ಮೇಲೆ ತೋರಣದಂತೆ ನೇತಾಡುವ ಐದು ರೂಪಾಯಿಯ ಪ್ಯಾಕೆಟ್‌ಗಳು. ಒಂದನೇ ತರಗತಿಯ ನಮ್ಮ ಹುಡುಗಿ ತೇನ್ ಮಿಠಾಯಿಯನ್ನು ಕೆನ್ನೆಯೊಳಗೆ ಅದುಮಿಟ್ಟುಕೊಂಡು ಮನೆ ಬರುವವರೆಗೂ ಚೀಪುತ್ತಾಳೆ.

ಕಳೆದ ಸಲ ಹೋದಾಗ ದಾರಿಯಲ್ಲೇ ನಿಂತು "ಚಿಕ್ಕಮ್ಮ, ಹಲ್ಲು ನೋವು" ಎಂದಳು. ಮನೆಗೆ ಬಂದು ಹೇಳಿದರೆ ಅಕ್ಕ ಅಡುಗೆಮನೆಯಿಂದಲೇ "ಹಾಲುಹಲ್ಲು ಕಣೇ, ಬಿದ್ದುಹೋಗುತ್ತೆ ಬಿಡು" ಎಂದಳು. ಮೊಬೈಲಿನ ಟಾರ್ಚ್ ಹಾಕಿ ನೋಡಿದೆ. ನೋಯುತ್ತಿದ್ದದ್ದು ಹಾಲುದವಡೆ ಹಲ್ಲೇ. ಅದರಲ್ಲಿ ಅಕ್ಕಿಕಾಳು ಹಿಡಿಯುವಷ್ಟು ಗುಳಿ ಬಿದ್ದಿತ್ತು. ಆದರೆ ಅದರ ಹಿಂದೆ, ಸಾಲಿನ ಕೊನೆಯಲ್ಲಿ, ಅಗಲವಾದ ಇನ್ನೊಂದು ಹಲ್ಲು ಒಸಡಿನಿಂದ ಮೇಲೆದ್ದಿತ್ತು. ಅದರ ನೆತ್ತಿಯ ಸೀಳಿನಲ್ಲಿ ಪೆನ್ಸಿಲಿನಿಂದ ಎಳೆದಂಥ ಕಂದು ಗೆರೆ. ಅದು ಬಿದ್ದುಹೋಗುವ ಹಲ್ಲಲ್ಲ.

ಸುಮಾರು ಆರನೇ ವಯಸ್ಸಿಗೆ ಬಾಯಿಯ ನಾಲ್ಕೂ ಮೂಲೆಗಳಲ್ಲಿ ಒಂದೊಂದರಂತೆ ಮೊದಲ ಶಾಶ್ವತ ದವಡೆ ಹಲ್ಲುಗಳು ಹುಟ್ಟುತ್ತವೆ. ಮುಂದಿನ ಹಾಲುಹಲ್ಲು ಅಲುಗಾಡಿದರೆ ಮನೆಮಂದಿಗೆಲ್ಲ ಸುದ್ದಿ. ನಾವು ಚಿಕ್ಕವರಿದ್ದಾಗ ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುತ್ತಿದ್ದೆವು. ಈ ಹಲ್ಲಿಗೆ ಅಂಥ ಶಾಸ್ತ್ರ ಯಾವುದೂ ಇಲ್ಲ. ಯಾವ ಹಾಲುಹಲ್ಲನ್ನೂ ಬೀಳಿಸದೆ, ಎಲ್ಲಕ್ಕೂ ಹಿಂದೆ ಹೊಸ ಜಾಗದಲ್ಲಿ ಏಳುವುದರಿಂದ ಅದು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದವರೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಮುದಿತನದವರೆಗೆ ಅಗಿಯಬೇಕಾದ ಹಲ್ಲು, ಹುಟ್ಟಿದ ಮೊದಲ ದಿನಗಳಲ್ಲೇ ಯಾರ ಕಣ್ಣಿಗೂ ಬೀಳದೆ ಹುಳುಕಾಗತೊಡಗಬಹುದು.

ಭಾರತೀಯ ದಂತ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯನ್ನು ಇದೇ ಹಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು. ಹುಳುಕು ಕಂಡುಬಂದದ್ದು ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ 51.9, ಹನ್ನೆರಡು ವರ್ಷದವರಲ್ಲಿ 53.8, ಹದಿನೈದರವರಲ್ಲಿ 63.1. ಮೊದಲೆರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಆದರೆ ಐದರಲ್ಲಿ ಎಣಿಸುವುದು ಹಾಲುಹಲ್ಲುಗಳನ್ನು, ಹನ್ನೆರಡರಲ್ಲಿ ಶಾಶ್ವತ ಹಲ್ಲುಗಳನ್ನು. ನಡುವಿನ ಏಳು ವರ್ಷಗಳಲ್ಲಿ ಬಾಯಿ ಹೆಚ್ಚುಕಡಿಮೆ ಪೂರ್ತಿ ಹೊಸದಾಗಿರುತ್ತದೆ. ಪ್ರಕೃತಿ ಕೊಟ್ಟ ಆ ಎರಡನೇ ಅವಕಾಶವನ್ನೂ ಅರ್ಧದಷ್ಟು ಮಕ್ಕಳು ಹೈಸ್ಕೂಲು ಮೆಟ್ಟಿಲು ಹತ್ತುವ ಮೊದಲೇ ಕಳೆದುಕೊಂಡಿರುತ್ತಾರೆ. ಅವರ ಹುಳುಕು ಹಲ್ಲುಗಳಲ್ಲಿ ತುಂಬಿಸಿದವು ಕಡಿಮೆ. ಬಹುಪಾಲು ತೆರೆದ ಗುಳಿಗಳೇ. ಶ್ರೀಮಂತ ದೇಶಗಳ ಮಕ್ಕಳಲ್ಲಿ 1970ರ ದಶಕದಿಂದ ಹುಳುಕು ಇಳಿಯುತ್ತ ಬಂದಿದೆ. ಆದರೂ ಜಗತ್ತಿನಲ್ಲಿ ಹಾಲುಹಲ್ಲು ಹುಳುಕಾದ ಮಕ್ಕಳು 51.4 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತದೆ.

ಹುಳುಕು ಎಂಬ ಮಾತಿನೊಳಗೇ ಹುಳು ಇದೆ. ಹಲ್ಲಿಗೆ ಹುಳ ಹಿಡಿದಿದೆ ಎಂದು ನೆಲಗುಳ್ಳದ ಬೀಜ ಸುಟ್ಟು ಬಾಯಿಗೆ ಹೊಗೆ ಹಿಡಿಯುವುದು ನಮ್ಮ ಕಡೆಯ ಹಳೆಯ ಮದ್ದು. ಯೂರೋಪಿನಲ್ಲೂ ಅದೇ ಕುಟುಂಬದ ಇನ್ನೊಂದು ಗಿಡದ ಬೀಜದಿಂದ ಹೀಗೇ ಹೊಗೆ ಹಾಕುತ್ತಿದ್ದರು. ಆಗ ಉದುರಿದಂತೆ ಕಾಣುವ 'ಹುಳು'ಗಳು ಬೀಜ ಒಡೆದು ಹೊರಬಂದ ಎಳೆ ಭ್ರೂಣಗಳೆಂದು 18ನೇ ಶತಮಾನದಲ್ಲೇ ತೋರಿಸಿಕೊಟ್ಟರು. ಫ್ರಾನ್ಸಿನ ಪಿಯೆರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ಹಲ್ಲಿನ ಹುಳುವಿನ ಮಾತನ್ನು ಒಪ್ಪದೆ ಸಕ್ಕರೆಯತ್ತ ಬೆರಳು ತೋರಿಸಿದ. ಬರ್ಲಿನ್‌ನಲ್ಲಿದ್ದ ಅಮೆರಿಕದ ವಿಲ್ಲೋಬಿ ಮಿಲ್ಲರ್ 1890ರಲ್ಲಿ ವಿವರಣೆಯನ್ನು ಪೂರ್ತಿಯಾಗಿ ಮುಂದಿಟ್ಟ: ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟಗಳನ್ನು ಹುಳಿಸಿ ಆಮ್ಲ ಮಾಡುತ್ತವೆ, ಹಲ್ಲನ್ನು ಕರಗಿಸುವುದು ಆ ಆಮ್ಲ. ಇವುಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಎಂಬುದನ್ನು 1924ರಲ್ಲಿ ಕ್ಲಾರ್ಕ್ ಎಂಬ ಸಂಶೋಧಕ ಗುರುತಿಸಿದ. ಇದು ಸಕ್ಕರೆಯಿಂದ ಆಮ್ಲವನ್ನಷ್ಟೇ ಅಲ್ಲ, ಗೋಂದಿನಂಥ ಅಂಟನ್ನೂ ತಯಾರಿಸಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಬಾಯಿ ಮುಕ್ಕಳಿಸಿದರೆ ಹೋಗದ ಆ ಬಿಳಿ ಲೋಳೆ ಪದರ ಇದೇ.

ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು, ತೂಕದಲ್ಲಿ ನೂರಕ್ಕೆ 96ರಷ್ಟು ಖನಿಜ. ಆಮ್ಲ ಹೆಚ್ಚಿ ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದೂ ಕರಗುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಪಿಎಚ್ ಕುಸಿದು, ಮತ್ತೆ ಮೊದಲಿನಂತಾಗಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು ಎಂಬುದನ್ನು 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಅಳೆದು ತೋರಿಸಿದ. ಅಷ್ಟರಲ್ಲಿ ಜೊಲ್ಲು ಆಮ್ಲವನ್ನು ತೊಳೆದು, ತನ್ನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳಿಂದ ಕರಗಿದ ಜಾಗವನ್ನು ತೇಪೆ ಹಾಕುತ್ತದೆ. ಹೀಗೆ ಹಲ್ಲು ದಿನವೂ ಕರಗುತ್ತದೆ, ದಿನವೂ ಕಟ್ಟಿಕೊಳ್ಳುತ್ತದೆ. ಮುಂದಿನ ತುತ್ತು ಬರುವ ಮೊದಲು ಜೊಲ್ಲಿಗೆ ಎಷ್ಟು ಬಿಡುವು ಸಿಕ್ಕಿತು ಎಂಬುದರ ಮೇಲೆ ಎಲ್ಲ ನಿಂತಿದೆ.

ಅಕ್ಕನ ಮಗಳ ದಿನವನ್ನು ಈ ಲೆಕ್ಕಕ್ಕೆ ಹಾಕಿ ನೋಡಿದೆ. ಬೆಳಿಗ್ಗೆ ಸಕ್ಕರೆ ಹಾಕಿದ ಹಾಲು, ತಿಂಡಿ, ಶಾಲೆಯ ಬಿಡುವಿನಲ್ಲಿ ಕ್ರೀಮ್ ಬಿಸ್ಕತ್ತು, ಮಧ್ಯಾಹ್ನದ ಊಟ, ಸಂಜೆ ತೇನ್ ಮಿಠಾಯಿ, ಟ್ಯೂಷನ್ನಿಗೆ ಮೊದಲು ಮತ್ತೆ ಬಿಸ್ಕತ್ತು, ರಾತ್ರಿ ಊಟ, ಮಲಗುವಾಗ ಇನ್ನೊಂದು ಲೋಟ ಹಾಲು. ಎಂಟು ಸಲ! "ನಾವು ಚಾಕೊಲೇಟ್ ಕೊಡೋದೇ ಇಲ್ಲ" ಎಂದು ಅಕ್ಕ ಹೇಳುವುದು ನಿಜ. ಆದರೆ ಹಲ್ಲಿನ ಸೀಳಿಗೆ ಮೆತ್ತಿಕೊಳ್ಳುವ ಬಿಸ್ಕತ್ತು ಚಾಕೊಲೇಟಿಗಿಂತ ಹೆಚ್ಚು ಹೊತ್ತು ಅಲ್ಲಿ ಉಳಿಯಬಲ್ಲದು. ಎಲ್ಲಕ್ಕಿಂತ ಕೆಟ್ಟದ್ದು ಆ ಕೊನೆಯ ಲೋಟ. ನಿದ್ದೆಯಲ್ಲಿ ಜೊಲ್ಲು ಬತ್ತುವುದರಿಂದ ತೇಪೆ ಹಾಕುವವರೇ ಇರುವುದಿಲ್ಲ.

ಎಷ್ಟು ಸಕ್ಕರೆ ಎಂಬುದಕ್ಕಿಂತ ಎಷ್ಟು ಸಲ ಎಂಬುದೇ ಹೆಚ್ಚು ಎಂಬ ತಿಳಿವಳಿಕೆಯ ಹಿಂದೆ ನೋವಿನ ಚರಿತ್ರೆಯೊಂದಿದೆ. ಸ್ವೀಡನ್ನಿನ ವಿಪೆಹೋಲ್ಮ್ ಎಂಬಲ್ಲಿ ಬುದ್ಧಿಮಾಂದ್ಯರನ್ನು ಇರಿಸಿದ್ದ ಆಸ್ಪತ್ರೆಯಲ್ಲಿ, 1945ರ ನಂತರದ ವರ್ಷಗಳಲ್ಲಿ, ಅವರ ಒಪ್ಪಿಗೆಯನ್ನೇ ಕೇಳದೆ ಹಲ್ಲಿಗೆ ಅಂಟುವ ಟಾಫಿಗಳನ್ನು ತಿನ್ನಿಸಿ ಹಲ್ಲು ಕೆಡುವುದನ್ನು ಎಣಿಸಿದರು. ಊಟದ ಜೊತೆ ಸಕ್ಕರೆ ತಿಂದವರಿಗಿಂತ ಊಟಗಳ ನಡುವೆ ಟಾಫಿ ತಿಂದವರ ಹಲ್ಲು ತೀರಾ ಹೆಚ್ಚು ಹಾಳಾದವು. ಆ ಅಸಹಾಯಕರ ಹಲ್ಲು ತೆತ್ತು ಪಡೆದ ಪಾಠವಿದು, ನೆನೆಯುವಾಗ ಅವರನ್ನೂ ನೆನೆಯಬೇಕು. ಮುಂದೆ ಸ್ವೀಡನ್ನಿನಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಸಿಹಿ ಎಂಬ ರೂಢಿ ಬೇರೂರಿತು. ನಮಗೆ ಅದು ಹೊಸದೇನಲ್ಲ. ವಾರದ ಸಂತೆಯ ದಿನ ಅಪ್ಪ ತರುವ ಬೆಂಡು-ಬತ್ತಾಸು, ವರ್ಷಕ್ಕೊಮ್ಮೆ ಜಾತ್ರೆಯ ಮಿಠಾಯಿ, ಹಬ್ಬಕ್ಕೆ ಹೋಳಿಗೆ. ಸಂತೆಗೊಂದು ವಾರವಿತ್ತು, ಪೆಟ್ಟಿಗೆ ಅಂಗಡಿಗೆ ವಾರವಿಲ್ಲ.

2024ರ ಫೆಬ್ರವರಿಯಲ್ಲಿ ತಮಿಳುನಾಡು ಸರ್ಕಾರ ಪಂಜು ಮಿಠಾಯಿಯನ್ನು, ಅಂದರೆ ನಮ್ಮ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಮಾರ್ಚ್‌ನಲ್ಲಿ ಕರ್ನಾಟಕ ಅದರ ಕೃತಕ ಬಣ್ಣವನ್ನು ನಿಷೇಧಿಸಿತು. ಕಾರಣ ರೋಡಮಿನ್-ಬಿ ಎಂಬ ಬಟ್ಟೆಯ ಬಣ್ಣ. ಸರಿಯಾದ ಕ್ರಮವೇ. ಆದರೆ ಬಣ್ಣಕ್ಕೆ ಹೆದರಿದಷ್ಟು ನಾವು ಸಕ್ಕರೆಗೆ ಹೆದರಿದ್ದರೆ ಶಾಲೆಯ ಗೇಟಿನ ಮುಂದಿನ ಅಂಗಡಿ ಬೇರೆಯೇ ಆಗಿರುತ್ತಿತ್ತು.

ಹಲ್ಲನ್ನು ಹುಳುಕಿನಿಂದ ಕಾಯುವ ಫ್ಲೋರೈಡಿನ ಕಥೆ ನಮ್ಮ ಸೀಮೆಯಲ್ಲಿ ಸ್ವಲ್ಪ ತೊಡಕಿನದು. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿನವರ ಹಲ್ಲಿನ ಕಂದು ಕಲೆಗಳನ್ನು ಕಂಡ. ಆ ಹಲ್ಲುಗಳು ಹುಳುಕಾಗುವುದು ಕಡಿಮೆ ಎಂಬುದನ್ನೂ ಕಂಡ. ನೀರಿನ ಫ್ಲೋರೈಡೇ ಎರಡಕ್ಕೂ ಕಾರಣವೆಂದು 1931ರ ಬಳಿಕ ತಿಳಿಯಿತು. ಎನಾಮೆಲ್ ಮತ್ತೆ ಕಟ್ಟಿಕೊಳ್ಳುವಾಗ ಜೊತೆಗೆ ಫ್ಲೋರೈಡ್ ಸಿಕ್ಕರೆ ಅದು ಮೊದಲಿಗಿಂತ ಗಟ್ಟಿಯಾಗಿ, ಪಿಎಚ್ 4.5ರ ತನಕ ತಡೆಯಬಲ್ಲದು. 1945ರಲ್ಲಿ ಗ್ರಾಂಡ್ ರ‍್ಯಾಪಿಡ್ಸ್ ನಗರ ಕುಡಿಯುವ ನೀರಿಗೇ ಅದನ್ನು ಬೆರೆಸತೊಡಗಿತು. ನಮ್ಮ ಕೋಲಾರ, ಪಾವಗಡ, ಮುಂಡರಗಿಯ ಕಡೆ ನೆಲವೇ ಅಳತೆ ಮೀರಿ ಬೆರೆಸಿಬಿಟ್ಟಿದೆ. ಅಲ್ಲಿ ಹಲ್ಲಿನ ಮೇಲೆ ಕಂದು ಪಟ್ಟೆ, ಮುಂದೆ ಮೂಳೆ ಬಿಗಿತ. ಕನ್ನಡ ಮನೆಗಳೂ ಸಾಕಷ್ಟಿರುವ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಕೊಳವೆಬಾವಿಗಳದೂ ಇದೇ ಗೋಳು. ಹೊಗೆನಕಲ್‌ನಿಂದ ಕಾವೇರಿ ನೀರು ತರುವ ಯೋಜನೆಯ ಹೆಸರಿನಲ್ಲೇ ಫ್ಲೋರೋಸಿಸ್ ತಡೆ ಎಂದಿದೆ; ಅದು 2013ರಲ್ಲಿ ಉದ್ಘಾಟನೆಯಾಯಿತು. ಇತ್ತ ಚೆನ್ನೈನ ಹೊರವಲಯದ ಮನೆಮನೆಗೆ ಬರುವ ಶುದ್ಧೀಕರಿಸಿದ ಕ್ಯಾನ್ ನೀರಿನಲ್ಲಿ ಇತರ ಲವಣಗಳೊಂದಿಗೆ ಫ್ಲೋರೈಡೂ ಸೋಸಿಹೋಗಿರುತ್ತದೆ. ಹಾಗಾಗಿ ಇಂಥ ಊರಿನ ಮಗುವಿಗೆ ಅದು ಸಿಗಬೇಕಾದದ್ದು ಪೇಸ್ಟಿನಿಂದ. ಟ್ಯೂಬಿನ ಮೇಲೆ ಫ್ಲೋರೈಡ್ ಎಂದು ಬರೆದಿದೆಯೇ ನೋಡಿಕೊಳ್ಳಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನುದ್ದಕ್ಕೂ ಹಚ್ಚಬೇಕಿಲ್ಲ. ಉಜ್ಜಿದ ಮೇಲೆ ಉಗುಳಿದರಾಯಿತು, ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡೂ ತೊಳೆದುಹೋಗುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗಳಿಗೆ ಎರಡು ಸಲ ಹೋಗಬೇಕು. ತಪಾಸಣೆಯ ಪಟ್ಟಿಯಲ್ಲಿ ಹಲ್ಲೂ ಇದೆ. ತೊಡಕಿರುವುದು ಚೀಟಿ ಬರೆದುಕೊಟ್ಟ ಮೇಲೆ. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲು ತಾಯಿ ಒಂದು ದಿನದ ಕೂಲಿ ಬಿಡಬೇಕು, ನೋವಿಲ್ಲದ ಗುಳಿಗಾಗಿ ಯಾರು ಬಿಟ್ಟಾರು? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಫ್ಲೋರೈಡ್ ಪೇಸ್ಟ್, ಹಲ್ಲು ತುಂಬುವ ಗ್ಲಾಸ್ ಅಯನೋಮರ್ ಸಿಮೆಂಟ್ ಮತ್ತು ಸಿಲ್ವರ್ ಡೈಅಮೈನ್ ಫ್ಲೋರೈಡ್‌ಗಳನ್ನು ಸೇರಿಸಿತು. ಕೊನೆಯದು ಒಂದು ದ್ರವ. ಹುಳುಕಿಗೆ ಹಚ್ಚಿದರೆ ಆ ಜಾಗ ಕಪ್ಪಾಗುತ್ತದೆ, ಹುಳುಕು ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಕೊರೆಯುವ ಯಂತ್ರ ಬೇಡ, ಸೂಜಿ ಬೇಡ, ಕರೆಂಟೂ ಬೇಡ. ಶಾಲೆಯ ವರಾಂಡದ ಬೆಂಚಿನ ಮೇಲೆ ಕೂರಿಸಿಕೊಂಡೇ ಹಚ್ಚಬಹುದು. ಚೀಟಿಯ ಬದಲು ಚಿಕಿತ್ಸೆಯೇ ಶಾಲೆಗೆ ಬರಬೇಕೆಂದು ನಾನು ಆಸೆಪಡುವುದು ಇದಕ್ಕೇ.

ಮಾರನೆಯ ದಿನ ಹುಡುಗಿಯನ್ನು ದಂತವೈದ್ಯರ ಬಳಿ ಕರೆದೊಯ್ದೆವು. ಹಾಲುಹಲ್ಲಿನ ಗುಳಿ ತುಂಬಿದರು. ಹೊಸ ಹಲ್ಲಿನ ಕಂದು ಗೆರೆ ಇನ್ನೂ ಎನಾಮೆಲ್ ದಾಟಿರಲಿಲ್ಲ. ಬ್ರಷ್ಷಿನ ಎಳೆ ಇಳಿಯದ ಆ ಸೀಳಿಗೆ ಸಿಮೆಂಟಿನ ತೆಳು ಪದರ ಬಳಿದು ಮುಚ್ಚಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಮೇಲಿನ ದವಡೆಯ ಎರಡು ಇನ್ನೂ ಬರಬೇಕಿದೆ ಎಂದರು. ಅಕ್ಕ ಈಗ ಪ್ರತಿ ಭಾನುವಾರ ಎಣ್ಣೆಸ್ನಾನ ಮುಗಿದ ಮೇಲೆ ಮಗಳನ್ನು ಕಿಟಕಿಯ ಬಳಿ ಕೂರಿಸಿ, ಬಾಯಿ ತೆರೆಸಿ, ಟಾರ್ಚ್ ಹಾಕಿ ಹಿಂದಿನ ಒಸಡನ್ನು ನೋಡುತ್ತಾಳೆ. ಮೊನ್ನೆ ಫೋನಿನಲ್ಲಿ "ಬಲಗಡೆ ಬೆಳ್ಳಗೆ ಏನೋ ಕಾಣಿಸ್ತಿದೆ ಕಣೇ" ಎಂದಳು.