ಲಯ ತಪ್ಪಿದ ಎಂಜಿನ್

ಮಾತ್ರೆಯೊಂದು ಬಿದ್ದುಹೋದ ಷಟ್ಪದಿಯ ಸಾಲನ್ನು ಪಳಗಿದ ಕಿವಿ ಕೂಡಲೇ ಗುರುತಿಸುತ್ತದೆ. ಎಂಜಿನ್ನಿನ ಮಾತೂ ಹಾಗೆಯೇ. ನನ್ನ ಹಳೆಯ ಕಾರು ನಿಂತಲ್ಲಿಯೇ ಕುಲುಕತೊಡಗಿದಾಗ, ಎಂಜಿನ್ ಬಿಚ್ಚದೆ ಗತ್ಯಂತರವಿಲ್ಲವೆಂದು ಗ್ಯಾರೇಜಿನವರು ಹೇಳಿದರು. ಆ ಖರ್ಚಿಗಿಂತ ಕಾರನ್ನೇ ಮಾರಿಬಿಡುವುದು ಲೇಸೆನಿಸಿತು. ಮಾರುವ ಮುನ್ನ ಒಂದು ಭಾನುವಾರ ನಾನೇ ಬಾನೆಟ್ ಎತ್ತಿ ನಿಂತೆ.

ಕಾರ್ಬುರೇಟರ್ ಕಾಲದ ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸಿಲಿಂಡರುಗಳು. ಅಂಬಾಸಡರಿನಲ್ಲಿ ಅವು 1-3-4-2 ಎಂಬ ಕ್ರಮದಲ್ಲಿ ಕಿಡಿ ಪಡೆಯುತ್ತವೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲೂ 400 ಬಾರಿ ಇಂಧನ ಉರಿಯಬೇಕು. ಒಂದು ಸುಮ್ಮನಾದರೆ ಉಳಿದ ಮೂರು ಅದರ ಭಾರವನ್ನೂ ಹೊರುತ್ತವೆ. ಮೆಕ್ಯಾನಿಕ್ಕುಗಳು 'ಮಿಸ್ ಹೊಡೆಯುತ್ತಿದೆ' ಎನ್ನುವುದು ಇದನ್ನೇ. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಒಳಗೋಡೆಯ ಎಣ್ಣೆಯನ್ನು ತೊಳೆದು ಸವೆತವನ್ನು ಹೆಚ್ಚಿಸುವುದರಿಂದ ಉದಾಸೀನ ಸಲ್ಲದು.

ಸುಮ್ಮನಿರುವುದು ಯಾವುದೆಂದು ತಿಳಿಯುವ ಉಪಾಯ ಸರಳವಾದುದು. ಕಾರು ಬಯಲಿನಲ್ಲಿರಲಿ, ಮುಚ್ಚಿದ ಶೆಡ್ಡಿನಲ್ಲಿ ಅದರ ಹೊಗೆ ಪ್ರಾಣಾಂತಿಕ. ಎಂಜಿನ್ ನಿಲ್ಲಿಸಿ, ಒಂದು ಪ್ಲಗ್ಗಿನ ವೈರು ಕಳಚಿ, ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಮತ್ತೆ ಚಾಲೂ ಮಾಡಬೇಕು. ಕುಲುಕು ಇನ್ನಷ್ಟು ಹೆಚ್ಚಿದರೆ ಆ ಸಿಲಿಂಡರು ದುಡಿಯುತ್ತಿತ್ತೆಂದು ಅರ್ಥ. ಕಳಚಿದರೂ ವ್ಯತ್ಯಾಸವೇ ತೋರದಿದ್ದರೆ ಅದೇ ಅಪರಾಧಿ. ಗೈರುಹಾಜರಾದರೂ ತರಗತಿಗೆ ಗೊತ್ತಾಗದ ವಿದ್ಯಾರ್ಥಿಗಳನ್ನು ನಾನು ಬಹಳ ಕಂಡವನು! ನನ್ನ ಕಾರಿನಲ್ಲಿ ಅದು ಮೂರನೆಯ ಸಿಲಿಂಡರು.

ಅದರ ಪ್ಲಗ್ ಬಿಚ್ಚಿದಾಗ ಪೆಟ್ರೋಲಿನಲ್ಲಿ ತೋಯ್ದಿತ್ತು. ಅಂದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ. ಪ್ಲಗ್ಗನ್ನು ಒರೆಸಿ ಎರಡನೆಯದಕ್ಕೆ ಹಾಕಿ, ಎರಡನೆಯದರ ಪ್ಲಗ್ಗನ್ನು ಇಲ್ಲಿಗೆ ತಂದೆ. ದೋಷ ಪ್ಲಗ್ಗಿನೊಡನೆ ಹೋಗಲಿಲ್ಲ, ಮೂರರಲ್ಲಿಯೇ ಉಳಿಯಿತು. ಕತ್ತಲಾದ ಮೇಲೆ ಅಂಗಳದ ದೀಪ ಆರಿಸಿ, ಕೈ ದೂರವಿಟ್ಟು, ಓಡುತ್ತಿದ್ದ ಎಂಜಿನ್ನನ್ನು ನೋಡಿದೆ. ಮೂರನೆಯ ವೈರಿನ ನಡುವಿನಿಂದ ನೀಲಿ ಕಿಡಿಯೊಂದು ಎಂಜಿನ್ನಿನ ಲೋಹಕ್ಕೆ ಚಿಮ್ಮುತ್ತಿತ್ತು. ರಬ್ಬರು ಬಿರಿದು, ವಿದ್ಯುತ್ತು ಪ್ಲಗ್ಗನ್ನು ಮುಟ್ಟುವ ಮೊದಲೇ ಸೋರಿಹೋಗುತ್ತಿತ್ತು.

ವೈರು ಸರಿಯಿದ್ದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಕೂದಲೆಳೆಯ ಬಿರುಕನ್ನು ಹುಡುಕಬೇಕಾಗಿತ್ತು. ನಾಲ್ಕೂ ಸರದಿಯಿಲ್ಲದೆ ತಪ್ಪುತ್ತಿದ್ದರೆ ಮಾತ್ರ ಪಾಯಿಂಟುಗಳನ್ನೂ ಕಾರ್ಬುರೇಟರನ್ನೂ ಶಂಕಿಸಬೇಕು. ಒಂದೇ ಸಿಲಿಂಡರು ಸುಮ್ಮನಿದ್ದು, ಅಲ್ಲಿ ಕಿಡಿ ಚೆನ್ನಾಗಿದ್ದರೆ ಕಂಪ್ರೆಷನ್ ಅಳೆಯಿಸಬೇಕು. ವಾಲ್ವು ಸುಟ್ಟಿದ್ದರೆ ಎಂಜಿನ್ ಬಿಚ್ಚಬೇಕೆಂಬ ಗ್ಯಾರೇಜಿನವರ ಮಾತೇ ಸರಿ. ನನಗೆ ಆ ಪ್ರಮೇಯ ಒದಗಲಿಲ್ಲ. ಸೋಮವಾರ ಹೊಸ ವೈರು ತಂದು ಹಾಕಿದೆ. ಮೂರನೆಯ ಸಿಲಿಂಡರು ದನಿಗೂಡಿಸಿತು.